ಪರೀಕ್ಷಾ ಮಂಡಳಿಯು ಪ್ರಬಂಧದ ಮಿಡತೆಗಳನ್ನು ತಿಂದ ಬಗ್ಗೆ

ಕೃಷಿ ಜೀವಶಾಸ್ತ್ರ ವಿಭಾಗ, ಗುನುಂಗ್ ಕಿದುಲ್ ಆವರಣ
ಸಂಖ್ಯೆ: ಕೃಜೀ/ಕೀಟ/ತಿಂಡಿ/೭

ಸುತ್ತೋಲೆ

ವಿಷಯ: ಸಂಶೋಧನಾ ಮಾದರಿ ಹಾಗೂ ಉಪಾಹಾರ, ಇವೆರಡರ ನಡುವಿನ ವ್ಯತ್ಯಾಸವನ್ನು ಕಾಪಾಡಿಕೊಳ್ಳುವ ಕುರಿತು.

ಉಲ್ಲೇಖ: ೧) ಕು. ವಿಲುಜೆಂಗ್, ಅಂತಿಮ ವರ್ಷದ ವಿದ್ಯಾರ್ಥಿನಿ, ಇವರ ಮನವಿ.
೨) ಬು ಜುಮಿಯೆಮ್, ಕ್ಯಾಂಟೀನಿನ ಅಡುಗೆಯಮ್ಮ, ಇವರ ಮೌಖಿಕ ಹೇಳಿಕೆ.
೩) ಖಾಲಿ ತಟ್ಟೆ, ಎರಡು.

ಮಿಡತೆಯನ್ನು ಕರಿದು ತಿನ್ನುವುದು ಈ ಸೀಮೆಯ ವಾಡಿಕೆಯಾಗಿದ್ದು, ವಿಭಾಗಕ್ಕೆ ಇದರಲ್ಲಿ ತಕರಾರಿಲ್ಲ. ಆದಾಗ್ಯೂ ಕಳೆದ ಮಂಗಳವಾರದ ಘಟನೆಯನ್ನು ಕುರಿತು ಆವರಣದಲ್ಲಿ ನಾನಾ ಬಗೆಯ ಮಾತುಗಳು ಹಬ್ಬಿರುವುದರಿಂದ, ನಡೆದದ್ದನ್ನು ನಡೆದಂತೆ ಎಲ್ಲರ ಗಮನಕ್ಕೆ ತರಲಾಗಿದೆ.

೧. ಮರಗೆಣಸಿನ ಎಲೆ ತಿಂದ ಮಿಡತೆ ಹೆಚ್ಚು ಕೊಬ್ಬುವುದೋ, ತೇಗದ ಎಲೆ ತಿಂದದ್ದೋ ಎಂಬುದು ಕು. ವಿಲುಜೆಂಗ್ ಅವರ ಪ್ರಬಂಧದ ವಿಷಯವಾಗಿತ್ತು. ಎರಡು ಪಂಜರಗಳಲ್ಲಿ ಮಿಡತೆ ಸಾಕಿದ್ದ ಸದರಿಯವರು, ಮಳೆ ಹಿಡಿದಾಗ ಪಂಜರಗಳನ್ನು ತಮ್ಮ ಬಾಡಿಗೆ ಕೋಣೆಗೆ ಒಯ್ದು, ತಮ್ಮ ಕಂಬಳಿಯನ್ನು ಅವುಗಳಿಗೆ ಹೊದಿಸಿ, ತಾವು ನಡುಗುತ್ತ ಮಲಗಿದ್ದರೆಂದು ಮನೆಯೊಡತಿ ತಿಳಿಸಿರುತ್ತಾರೆ. ಬೆರೆತುಹೋಗದಿರಲೆಂದು ತೇಗದ ಗುಂಪಿನ ಪ್ರತಿ ಮಿಡತೆಯ ಬೆನ್ನಿಗೂ ಕೆಂಪು ಉಗುರುಬಣ್ಣದ ಚುಕ್ಕೆ ಇಡಲಾಗಿತ್ತು. ಹಿಂದೊಮ್ಮೆ ಅವರ ಪ್ರಬಂಧ ತಿರಸ್ಕೃತವಾಗಿದ್ದು, ಈ ಸಲವೂ ಹಾಗಾದಲ್ಲಿ ನಿಯಮಾನುಸಾರ ಅವರು ಗಂಟುಮೂಟೆ ಕಟ್ಟಬೇಕಿತ್ತು.

೨. ಮಂಡಳಿಯ ಎದುರು ತೂಗಿ ತೋರಿಸುವ ಸಲುವಾಗಿ ಮಿಡತೆಗಳನ್ನು ಎರಡು ಡಬ್ಬಿಗಳಲ್ಲಿ ಪ್ರಯೋಗಾಲಯದ ಫ್ರಿಜ್ಜಿನಲ್ಲಿ ಇರಿಸಲಾಗಿತ್ತು. ಕ್ಯಾಂಟೀನಿನ ಫ್ರಿಜ್ಜು ಕೆಟ್ಟಿದ್ದರಿಂದ ಅದರ ಮೆಣಸಿನಕಾಯಿ ಚಟ್ನಿಯೂ ಅಲ್ಲೇ ಇತ್ತು. ಇದಕ್ಕೆ ಅನುಮತಿ ಕೊಟ್ಟವರು ಈ ಕೆಳಗೆ ಸಹಿ ಮಾಡಿದವರೇ ಆಗಿರುವುದರಿಂದ ಈ ಅಂಶವನ್ನು ಮುಂದುವರಿಸಿಲ್ಲ.

೩. ಚಟ್ನಿಗೆಂದು ಬಂದ ಬು ಜುಮಿಯೆಮ್ ಅವರು ಡಬ್ಬಿಗಳನ್ನು ಕಂಡು, ಕರಿದು, ಡಬ್ಬಿಗೊಂದು ತಟ್ಟೆಯಂತೆ ಮಂಡಳಿಗೆ ಚಹಾದೊಡನೆ ಬಡಿಸಿರುತ್ತಾರೆ. ಅವರ ಹೇಳಿಕೆ: “ಹುಡುಗಿ ಊರಿಂದ ತಂದಿರ್ಬೇಕು, ಮೇಷ್ಟ್ರಿಗೆ ಕೊಡಕ್ಕೆ ನಾಚ್ಕೋತಿದಾಳೆ ಅಂದ್ಕೊಂಡೆ. ಪಾಪ ಅಂತ ಬೆಳ್ಳುಳ್ಳಿ ಒಂದ್ ಹಿಡಿ ಜಾಸ್ತೀನೇ ಹಾಕ್ದೆ.” ಬೆಳ್ಳುಳ್ಳಿ ಹದವಾಗಿತ್ತೆಂದು ಮಂಡಳಿಯು ಒಮ್ಮತದಿಂದ ದೃಢಪಡಿಸಿದೆ.

೪. ವಿದ್ಯಾರ್ಥಿನಿಯು ಪೀಠಿಕೆ ಓದುತ್ತಿದ್ದಷ್ಟು ಹೊತ್ತೂ ಮಂಡಳಿಯ ಮೂವರೂ ತಿನ್ನುತ್ತಿದ್ದರು. ಬಳಿಕ ಅಧ್ಯಕ್ಷರಾದ ಪಾಕ್ ಹರ್ತೋಯೋ ಅವರು ಮಾದರಿಗಳನ್ನು ತರಲು ಸೂಚಿಸಿದರು. ಫ್ರಿಜ್ಜಿನ ಕಡೆ ಹೋದ ವಿದ್ಯಾರ್ಥಿನಿ ಬರಿಗೈಯಲ್ಲಿ ಮರಳಿದರು. ತಟ್ಟೆಯಲ್ಲಿ ಉಳಿದಿದ್ದ ಒಂದೇ ಒಂದು ಮಿಡತೆಯ ಬೆನ್ನ ಮೇಲಿನ ಕೆಂಪು ಚುಕ್ಕೆ ಆಗ ಅವರ ಕಣ್ಣಿಗೆ ಬಿತ್ತು. (ಅಧ್ಯಕ್ಷರು ಅದನ್ನು ಮೆಣಸಿನಕಾಯಿ ಎಂದು ಭಾವಿಸಿದ್ದರು.) ವಿಷಯ ತಿಳಿದ ಮೇಲೂ ಯಾರೋ ಅಗಿಯುತ್ತಿದ್ದುದು ಕೇಳಿಸಿತೆಂದು ವರದಿಯಾಗಿದ್ದು, ಅವರು ಯಾರೆಂದು ಪತ್ತೆಯಾಗಿರುವುದಿಲ್ಲ.

೫. ವಿದ್ಯಾರ್ಥಿನಿಯು ಮೇಜನ್ನು ಹಿಡಿದು ನಿಂತು ಸ್ವಲ್ಪ ಹೊತ್ತು ಅತ್ತರು. ವೇಳಾಪಟ್ಟಿಯಲ್ಲಿ ಇದಕ್ಕೆ ಅವಕಾಶವಿಲ್ಲದಿದ್ದರೂ ತಡೆಯಲಾಗಲಿಲ್ಲ. ಅನಂತರ ಮುಖ ಒರೆಸಿಕೊಂಡು, “ಪಾಕ್, ತಿಂದದ್ದಂತೂ ಆಗೋಯ್ತು. ಯಾವ ತಟ್ಟೇಲಿ ಜಿಡ್ಡು ಜಾಸ್ತಿ ಇತ್ತು, ಅದನ್ನಾದ್ರೂ ಹೇಳಿ,” ಎಂದು ಅಧ್ಯಕ್ಷರನ್ನು ಕೇಳಿದರು.

೬. ಸದಸ್ಯರನ್ನು ಒಬ್ಬೊಬ್ಬರಾಗಿ ಹೊರಗೆ ಕರೆದು ಕೇಳಲಾಯಿತು. ಮೂವರೂ ಚುಕ್ಕೆಯಿಲ್ಲದ, ಅಂದರೆ ಮರಗೆಣಸಿನ ತಟ್ಟೆಯನ್ನೇ ಹೆಸರಿಸಿದರು. ಚುಕ್ಕೆಯದನ್ನು ಕುರಿತು ಅಧ್ಯಕ್ಷರು, “ಅದು ಬರೀ ಸಿಪ್ಪೆ ಕಣಮ್ಮ,” ಎಂದರು. ಪ್ರಬಂಧದ ತೀರ್ಮಾನವೂ ಇದೇ. ರುಚಿಯನ್ನು ತೂಕವೆಂದು ಪರಿಗಣಿಸಲಾಗದೆಂದು ಓರ್ವ ಸದಸ್ಯರು ಆಕ್ಷೇಪಿಸಿದರು. ಹಾಗಿದ್ದಲ್ಲಿ ತಿಂದ ತೂಕವನ್ನು ತಾವೇ ಹಿಂದಿರುಗಿಸಬೇಕೆಂದು ಅಧ್ಯಕ್ಷರು ಸೂಚಿಸಲಾಗಿ, ಆಕ್ಷೇಪವನ್ನು ಹಿಂಪಡೆಯಲಾಯಿತು. ಪ್ರಬಂಧ ಅಂಗೀಕೃತವಾಗಿದೆ.

೭. ಮೇಲ್ಕಂಡ ಹಿನ್ನೆಲೆಯಲ್ಲಿ ಈ ಮೂಲಕ ಕೆಳಗಿನಂತೆ ಸೂಚಿಸಲಾಗಿದೆ:

ಅ) ಮಾದರಿಯ ಡಬ್ಬಿಗೆ ‘ಇದು ತಿಂಡಿಯಲ್ಲ’ ಎಂದೂ ತಿಂಡಿಯ ಡಬ್ಬಿಗೆ ‘ಇದು ಸಂಶೋಧನೆಯಲ್ಲ’ ಎಂದೂ ಚೀಟಿ ಅಂಟಿಸತಕ್ಕದ್ದು. ಎರಡೂ ಆಗಿರುವ ಪದಾರ್ಥಗಳ ಬಗ್ಗೆ ಉಪಸಮಿತಿ ರಚಿಸಲಾಗಿದ್ದು, ಅದರ ಮೊದಲ ಸಭೆಯಲ್ಲಿ ಚಹಾ ಮಾತ್ರ ಇರುತ್ತದೆ.

ಆ) ಪರೀಕ್ಷಕರು ವಿದ್ಯಾರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಪ್ರಬಂಧದ ಯಾವುದೇ ಭಾಗವನ್ನು ನುಂಗತಕ್ಕದ್ದಲ್ಲ. ಅಗಿದು ಉಗುಳುವುದನ್ನು ಭಾಗಶಃ ಮೌಲ್ಯಮಾಪನವೆಂದು ಪರಿಗಣಿಸಲಾಗುವುದು.

ಇ) ಪಾಕ್ ಹರ್ತೋಯೋ ಅವರ ನಾಲಿಗೆಯನ್ನು ವಿಭಾಗದ ಉಪಕರಣವೆಂದು ದಾಸ್ತಾನಿಗೆ ಸೇರಿಸಲಾಗಿದೆ. ಅದನ್ನು ಎರವಲು ಕೋರಿ ಮಣ್ಣು ವಿಜ್ಞಾನ ವಿಭಾಗದಿಂದ ಬಂದಿರುವ ಪತ್ರವನ್ನು ತಿರಸ್ಕರಿಸಲಾಗಿದೆ.

ಈ) ಗದ್ದೆ ಇಲಿಗಳ ಮೇಲೆ ಪ್ರಬಂಧ ಬರೆಯುತ್ತಿರುವವರ ಪರೀಕ್ಷೆಯ ದಿನ ಕ್ಯಾಂಟೀನಿಗೆ ರಜೆ.

ಸಹಿ/-
ವಿಭಾಗದ ಮುಖ್ಯಸ್ಥರು
(ಮಿಡತೆ ತಿಂದಿರುವುದಿಲ್ಲ)

ಪ್ರತಿಗಳು:
೧. ಪಾಕ್ ಹರ್ತೋಯೋ ಅವರಿಗೆ, ಬಿಸಿ ಚಹಾ ಕುಡಿಯುವಾಗ ಎಚ್ಚರ ವಹಿಸುವ ಕೋರಿಕೆಯೊಂದಿಗೆ.
೨. ಬು ಜುಮಿಯೆಮ್ ಅವರಿಗೆ, ಓದಿ ಹೇಳತಕ್ಕದ್ದು. ಹೇಳುವವರು ಊಟ ಮಾಡಿಕೊಂಡು ಹೋಗುವುದು.
೩. ಮಣ್ಣು ವಿಜ್ಞಾನ ವಿಭಾಗಕ್ಕೆ, ವಿಷಾದದೊಂದಿಗೆ.
೪. ಕಚೇರಿ ಕಡತಕ್ಕೆ.
೫. ಕು. ವಿಲುಜೆಂಗ್ ಅವರ ತಾಯಿಗೆ. (ಮಗಳು ಪಾಸಾಗಿದ್ದಾಳೆ. ಉಳಿದ ಕಲಮುಗಳನ್ನು ಓದಬೇಕಾಗಿಲ್ಲ.)