ಮೋರಿಗೆ ಎರಡು ದಡ, ಕಾಗದಕ್ಕೆ ಎರಡು ಸಹಿ

ನಗರದ ಕಚೇರಿಯೂ ರಾಜ್ಯದ ಇಲಾಖೆಯೂ ಒಂದೇ ಮೋರಿಯ ಎರಡು ದಡಗಳಿಗೆ ಒಡೆಯರಾಗಿರುವವರೆಗೆ ಇಂಥ ಪ್ರಸಂಗಗಳಿಗೆ ಕೊನೆಯಿಲ್ಲ. ನಾನು ನಗರದ ದಡದವನು; ಜಯನಗರದ ವಾರ್ಡ್ ಕಚೇರಿಯಲ್ಲಿ ನಿವೃತ್ತಿಯವರೆಗೆ ಎಂಜಿನಿಯರ್ ಆಗಿದ್ದೆ. ಒಮ್ಮೆಯೂ ನಿಯಮ ಮೀರಲಿಲ್ಲ. ಈಗ ಚುಚ್ಚುವುದು ಅದೇ.

೧. ಅರ್ಜಿ

ಸಿದ್ದಾಪುರದ ಕಡೆ, ದೊಡ್ಡ ಮೋರಿಯ ಆಚೆ, ಒಬ್ಬ ಹೂವಿನವಳ ಪೆಟ್ಟಿಗೆ ಅಂಗಡಿಯಿತ್ತು. ದಾಟುವ ಚಪ್ಪಡಿ ಮುರಿದುಬಿತ್ತು. ಈಚೆಯ ದಡ ನಮ್ಮದು, ಆಚೆಯದು ರಾಜ್ಯದ್ದು.

"ಒಂದು ಕಲ್ಲು ಹಾಕ್ಸಿ ಸಾರ್. ಗಿರಾಕಿ ಅಷ್ಟು ದೂರ ಸುತ್ಕೊಂಡು ಬರಲ್ಲ. ಅಂಗಡಿ ಮುಚ್ಬೇಕಾಗುತ್ತೆ."

"ಒಂದೇ ಕಾಗದದ ಮೇಲೆ ಎರಡೂ ಕಚೇರಿಗಳ ಸಹಿ ಬೇಕು," ಎಂದೆ.

"ಅವ್ರದ್ದು ನಿಮ್ಮ ಪಕ್ಕದ ಬಿಲ್ಡಿಂಗೇ ಅಲ್ವಾ ಸಾರ್?"

ಹೌದು. ಅರ್ಜಿಯನ್ನು ಅಂಚೆಯಲ್ಲಿ ಕಳುಹಿಸಿದೆ.

೨. ಅರ್ಧ ಸೇತುವೆ

ವರ್ಷಗಳು ಕಳೆದರೂ ಉತ್ತರ ಬರಲಿಲ್ಲ. ನಮ್ಮ ಸ್ವಾಯತ್ತತೆಯನ್ನು ತೋರಿಸಲು, ನಮ್ಮ ದಡದಿಂದ ಮೋರಿಯ ನಡುಮಧ್ಯದವರೆಗೆ ಕಾಂಕ್ರೀಟ್ ಹಾಸು ಕಟ್ಟಿಸಿದೆ. ಗಿರಾಕಿಗಳು ಅದರ ತುದಿಯಲ್ಲಿ ನಿಲ್ಲುವರು. ಆಕೆ ಬಿದಿರುಕೋಲಿಗೆ ಮಲ್ಲಿಗೆ ಸುತ್ತಿ ಚಾಚುವಳು.

ಆಗ ರಾಜ್ಯದ ಎಂಜಿನಿಯರ್ ಫೋನ್ ಮಾಡಿದರು: "ನಿಮ್ಮ ಹಾಸು ನಮ್ಮ ಗಡಿಯೊಳಗೆ ನಾಲ್ಕು ಅಂಗುಲ ಬಂದಿದೆ ಸಾರ್."

ಟೇಪು ಹಿಡಿದು ನಾನೇ ಅಳೆದೆ. "ಮೂರೂವರೆ. ಆಕ್ಷೇಪಣೆಯನ್ನು ತಿದ್ದಿ ಕಳುಹಿಸಿ."

೩. ಜಂಟಿ ಕಾರ್ಯಾಚರಣೆ

ಬೇಸತ್ತ ಆಕೆ ಹಾಸಿನ ತುದಿಯಿಂದ ತನ್ನ ದಡಕ್ಕೆ ಒಂದು ಮರದ ಹಲಗೆ ಹಾಕಿಕೊಂಡಳು. ಗಿರಾಕಿಗಳು ಮರಳಿದರು. ಆದರೆ ಅದು ಅನಧಿಕೃತ ಸೇತುವೆ! ಮೂರು ವರ್ಷ ಒಂದಾಗದ ಕಚೇರಿಗಳು ಮೂರೇ ದಿನದಲ್ಲಿ ಒಂದಾದವು. ಒಂದೇ ಜೀಪಿನಲ್ಲಿ ಬಂದೆವು. ರಾಜ್ಯದ ಎಂಜಿನಿಯರ್ ಆಚೆ ದಾಟಿ ಹಲಗೆಯ ತುದಿ ಎತ್ತಿದರು, ನಾನು ಈಚೆಗೆ ಎಳೆದುಕೊಂಡೆ. ಜಪ್ತಿ ಸಂಪೂರ್ಣ.

ಅವರು ಆಚೆ, ಜೀಪು ಈಚೆ.

"ಸಾರ್, ಹಲಗೆ ಒಂಚೂರು ಹಾಕಿ, ಬಂದ್ಬಿಡ್ತೀನಿ."

"ಜಪ್ತಿಯಾದ ವಸ್ತು. ಬಿಡುಗಡೆಗೆ ಇಬ್ಬರ ಸಹಿ ಬೇಕು." ಬಿಡುಗಡೆಯ ಕಾಗದ ನನ್ನ ಕೈಯಲ್ಲಿತ್ತು.

ಹೂವಿನವಳು ಬಿದಿರುಕೋಲು ಚಾಚಿದಳು. ನಾನು ಸಹಿ ಮಾಡಿ ಕಾಗದವನ್ನು ಅದಕ್ಕೆ ಸುತ್ತಿದೆ. ಆಚೆ ಅವರೂ ಸಹಿ ಮಾಡಿದರು. ಕಾಗದ ಕೋಲಿನಲ್ಲೇ ಮರಳಿತು. ಹಲಗೆ ಹಾಕಿದೆ, ಅವರು ದಾಟಿದರು, ಹಲಗೆಯನ್ನು ಮತ್ತೆ ಎಳೆದು ಜೀಪಿಗೆ ಏರಿಸಿದೆ. ಬಿಡುಗಡೆ ಆ ಒಂದು ದಾಟುವಿಕೆಗೆ ಮಾತ್ರ; ನಿಯಮ ಹಾಗಿತ್ತು. ಮುಂದಿನ ತಿಂಗಳು ಅಂಗಡಿ ಇರಲಿಲ್ಲ.

ಜೀಪು ಹೊರಡುವಾಗ ಆಕೆ ಕೂಗಿ ಕೇಳಿದ್ದು ಇಂದಿಗೂ ಕಿವಿಯಲ್ಲಿದೆ:

"ನನ್ನ ಕಲ್ಲಿಗೂ ಇವೆರಡೇ ಸಹಿ ತಾನೇ ಸಾರ್ ಬೇಕಾಗಿದ್ದು? ಕೋಲು ಸಾಕು ಅಂತ ಮೊದ್ಲೇ ಹೇಳಿದ್ರೆ ಅವತ್ತೇ ಚಾಚ್ತಿದ್ದೆ!"