ಭಾನುವಾರದ ಗಂಡ

ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡ ಓಬಳೇಶ 'ಹೂಂ' ಎಂಬ ಏಕಾಕ್ಷರಿ ಮಂತ್ರದಾಚೆ ಬಾಯಿ ಬಿಟ್ಟವನಲ್ಲ ಎಂಬುದೇ ಹಿರೇಹಡಗಲಿಯ ನಾಗಲಿಂಗಮ್ಮನ ಅಳಲು. ಅವನು ಬೋರ್‌ವೆಲ್ ಲಾರಿ ಜೊತೆ ಆಂಧ್ರಕ್ಕೆ ಹೋದ ಮೇಲೆ ಆ 'ಹೂಂ' ಕೂಡ ಇಲ್ಲದೆ ಮನೆ ಭಣಭಣ ಎನ್ನುತ್ತಿತ್ತು. ಒಬ್ಬಳಿಗೇ ಅಡುಗೆ ಮಾಡಿಕೊಳ್ಳಲು ಬೇಜಾರಾಗಿ ಎಷ್ಟೋ ದಿನ ಚಹಾ ಕುಡಿದೇ ಮಲಗುತ್ತಿದ್ದಳು.

ಆದರೆ ಫಿರೋಜನ ಎಸ್‌ಟಿಡಿ ಬೂತಿಗೆ ಭಾನುವಾರ ಭಾನುವಾರ ಫೋನು ಬರತೊಡಗಿದ್ದೇ ತಡ, ಗಂಡ ಬದಲಾಗಿಬಿಟ್ಟ! (ಎಷ್ಟು ಬದಲಾಗಿದ್ದಾನೆಂದು ಅವಳಿಗೇ ಗೊತ್ತಿರಲಿಲ್ಲ.) ಮಿರ್ಚಿ ಕರಿದಂತೆ ಚರಗುಟ್ಟುವ ಲೈನಿನಲ್ಲಿ, "ಲೇ, ಉಂಡ್ಯೇನು? ಮಂಡಿ ನೋವು ಹೆಂಗೈತಿ?" ಎನ್ನುತ್ತಿದ್ದ. ಒಮ್ಮೆ "ಎಮ್ಮಿ ಹೆಂಗೈತಿ?" ಎಂದೂ ಕೇಳಿದ. ಮನೆಯಲ್ಲಿ ಎಮ್ಮೆಯೇ ಇಲ್ಲ. ಗಂಡ ತಮಾಷೆಯನ್ನೂ ಕಲಿತನೆಂದು ವಾರವಿಡೀ ಒಬ್ಬಳೇ ನಕ್ಕಳು. ಭಾನುವಾರ ಹೂ ಮುಡಿದೇ ಬೂತಿಗೆ ಹೋಗುತ್ತಿದ್ದಳು. (ಫೋನಿನಲ್ಲಿ ಕಾಣುವುದಿಲ್ಲ, ನಿಜ.)

ಒಂದು ದಿನ ಮೇಲಿನ ಓಣಿಯ, ಎಮ್ಮೆ ಸಾಕಿದ ಇನ್ನೊಬ್ಬ ನಾಗಲಿಂಗಮ್ಮ ಎಣ್ಣೆ ಸೀಸೆ ಹಿಡಿದು ಬಂದಳು.

"ನಮ್ಮನಿಯವ್ರು ಅನಂತಪುರದಿಂದ ಮಂಡಿ ನೋವಿನ ಎಣ್ಣಿ ಕಳಿಸ್ಯಾರ. ನನ್ನ ಮಂಡಿ ಕಲ್ಲಿದ್ದಂಗ ಅದಾವ! ನಿಂಗ ನೋವಂತಲ್ಲವ್ವಾ, ತಗೋ."

ಓಬಳೇಶನ ಹೆಂಡತಿ ಸೀಸೆ ತೆಗೆದುಕೊಳ್ಳುತ್ತಲೇ ಕೇಳಿದಳು: "ಫೋನಿನ್ಯಾಗ ಏನಂತಾರ ನಿಮ್ಮವ್ರು?"

"ಮದ್ಲು ಬಾಳ ಮಾತಾಡೋರು. ಈಗ ಬರೀ ಹೂಂ! ಗಬ್ಬದ ಎಮ್ಮಿ ಸುದ್ದಿ ಹೇಳಿ ಹೇಳಿ ನನ್ನ ಗಂಟಲು ಹರೀತು."

ಆ 'ಹೂಂ' ಯಾರದೆಂದು ತಿಳಿಯಲು ಪಂಚಾಂಗ ಬೇಕಿರಲಿಲ್ಲ.

ಇಬ್ಬರೂ ಹೋಗಿ ಫಿರೋಜನ ಮೇಲೆ ಬಿದ್ದರು. "ಇಬ್ರೂ ನಾಗಲಿಂಗಮ್ಮನ್ನ ಕರಿ ಅಂತಾರ. ಗಂಡನ ಹೆಸರು ಕೇಳಿದ್ರ ನೀವು ಬಾಯಿಗೆ ಸೆರಗಿಟ್ಟು ನಿಂದರ್ತೀರಿ. ನಾನೇನು ಮಾಡ್ಲಿ?" ಎಂದ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಲ್ಲ! ಕೊನೆಗೆ ಒಬ್ಬಳ ಗಂಡನ ಹೆಸರನ್ನು ಇನ್ನೊಬ್ಬಳು ಹೇಳಿದಳು. ಫಿರೋಜ್ ಗೋಡೆಯ ಮೇಲೆ ಬರೆದುಕೊಂಡ.

ಮುಂದಿನ ಭಾನುವಾರ ಸರಿಯಾದ ಗಂಡನೇ ಸಿಕ್ಕ.

"ಮಂಡಿ ನೋವು ಬಾಳ ಐತ್ರಿ," ಎಂದಳು ಆಸೆಯಿಂದ.

"ಹೂಂ."

ಅವಳ ಕಣ್ಣು ತುಂಬಿತು. ಇನ್ನೇನು ಫೋನು ಇಡಬೇಕು, ಆ ಕಡೆಯಿಂದ ಮೆಲ್ಲಗೆ ಮಾತು ಬಂತು: "ಲೇ... ಎಮ್ಮಿ ಈಯ್ತೇನು?"

ಇಪ್ಪತ್ತು ವರ್ಷದಲ್ಲಿ ಅವನು ತಾನಾಗಿ ಕೇಳಿದ ಮೊದಲ ಪ್ರಶ್ನೆ. ನಮಗೆಲ್ಲಿಯ ಎಮ್ಮೆ ಎನ್ನಲು ಅವಳಿಗೆ ಮನಸ್ಸು ಬರಲಿಲ್ಲ.

"ಈದೈತ್ರಿ. ಹೆಣ್ಣುಗರ."

"ಹೌದೇನು! ಹಂಗಾದ್ರ ನಾಳೆ ಬಸ್ಸಿಗೆ ಬರ್ತೀನಿ. ಗಿಣ್ಣ ಮಾಡಿಡು."

ಫೋನು ಕಟ್ಟಾಯಿತು. ನಾಗಲಿಂಗಮ್ಮ ನೋಯುವ ಮಂಡಿ ಹಿಡಿದುಕೊಂಡೇ ಮೇಲಿನ ಓಣಿಗೆ ಓಡಿದಳು. ಅಲ್ಲಿಯ ಎಮ್ಮೆ ಈಯಲು ಇನ್ನೂ ಒಂದು ತಿಂಗಳಿತ್ತು.