ಒಂದೇ ಸೂರು, ಒಂದೇ ದರ

ನಮ್ಮ ಗದಗಿನಂಥ ಊರಿನಲ್ಲಿ ಎಲ್ಲ ಸಾಮಾನೂ ಒಂದೇ ಕಡೆ ಸಿಗುವ ಮುಂಬೈ ಮಾದರಿಯ ದೊಡ್ಡ ಮಳಿಗೆ ಯಾಕಿಲ್ಲ ಎಂದು ವರ್ಷಕ್ಕೊಬ್ಬರಾದರೂ ನನ್ನೆದುರು ಕೇಳುತ್ತಾರೆ. ವರ್ಗವಾಗಿ ಬಂದ ಅಧಿಕಾರಿಗಳ ಹೆಂಡಂದಿರಿಗೆ ಈ ಚಿಂತೆ ಹೆಚ್ಚು. ಇಲ್ಲ ಅಂತ ಯಾರು ಹೇಳಿದರು? ಇತ್ತು. ಎಂಟು ವರ್ಷ ಇತ್ತು. ಅದರಲ್ಲಿ ನಿಂತು ಸೀರೆ ಮಾರಿದವಳು ನಾನೇ. ಬಾಗಿಲು ತೆರೆದು, ಸಂಜೆ ಮುಚ್ಚುವಷ್ಟರಲ್ಲಿ ನಗುವಂಥದ್ದು ಒಂದೂ ಆಗಲಿಲ್ಲ ಎನ್ನುವ ದಿನ ಅಲ್ಲಿ ಬರಲೇ ಇಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ನಮ್ಮ ಮಾಲಕರದು ಹತ್ತಿ ವ್ಯಾಪಾರ. ಮುಂಬೈಗೆ ಹೋದಾಗ ಅಲ್ಲಿನ ನಾಲ್ಕಂತಸ್ತಿನ ಮಳಿಗೆ ನೋಡಿ ಅವರಿಗೆ ನಿದ್ದೆ ಹತ್ತಲಿಲ್ಲವಂತೆ. ಬಂದವರೇ ಗೋದಾಮು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಬಟ್ಟೆ, ಪಾತ್ರೆ, ಬಳೆ, ಚಪ್ಪಲಿ, ಕಿರಾಣಿ ಎಂದು ಐದು ವಿಭಾಗ ಮಾಡಿದರು. ಮುಂಬೈಯಲ್ಲಿ ಹೆಣ್ಣುಮಕ್ಕಳೂ ಮಾಲು ಮಾರಲು ನಿಲ್ಲುತ್ತಿದ್ದರು, ಆದ್ದರಿಂದ ಇಲ್ಲಿಯೂ ಒಬ್ಬಳು ಬೇಕಾಯಿತು. ನಾನು ಮುಲ್ಕಿ, ಅಂದರೆ ಏಳನೆಯ ಇಯತ್ತೆ, ಪಾಸಾದವಳು. ಬೆಟಗೇರಿಯ ನೇಕಾರರ ಮನೆಯ ಸೊಸೆ. ಸೆರಗು ಮುಟ್ಟಿದರೆ ಸಾಕು, ಯಾವ ನೂಲು, ಯಾವ ಬಣ್ಣ, ಎಷ್ಟು ದಿನ ಬಾಳಿಕೆ ಎಂದು ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ.

ಅತ್ತೆ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಹೇಳಿದರು: "ಅಂಗಡಿ ಇರೂತನಾ ಹೋಗು. ಅದು ಮುಚ್ಚಿದ ದಿನ ನಿಂದೂ ಮುಗೀತು. ಮತ್ತ ಹೊರಗ ಹೊಕ್ಕೀನಿ ಅನಬ್ಯಾಡ."

ಹೀಗಾಗಿ ಆ ಅಂಗಡಿ ನಡೆಯಬೇಕು ಎನ್ನುವ ಹಟ ಮಾಲಕರಿಗೆ ಎಷ್ಟಿತ್ತೋ, ನನಗೆ ಅದಕ್ಕಿಂತ ಒಂದು ಗುಂಜಿ ಹೆಚ್ಚೇ ಇತ್ತು.

ಗಾದಿ ಇಲ್ಲದ ಅಂಗಡಿ

ಮುಂಬೈ ಪದ್ಧತಿಯಲ್ಲಿ ಗಿರಾಕಿ ಅಡ್ಡಾಡಿ ನೋಡಬೇಕು, ನಿಂತು ಕೊಳ್ಳಬೇಕು. ಅದಕ್ಕೇ ನಮ್ಮಲ್ಲಿ ಗಾದಿ ಇರಲಿಲ್ಲ, ಒರಗಲು ತಕ್ಕೆ ಇರಲಿಲ್ಲ. ಜನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವರು, ಗುಡಿಯಲ್ಲಿ ಮಾಡಿದ ಹಾಗೆ ಒಂದು ಸುತ್ತು ಹಾಕುವರು, ಹೋಗುವರು. ಏನೂ ಕೊಳ್ಳುತ್ತಿರಲಿಲ್ಲ. ಮಾಲಕರಿಗೆ ಇದರ ಕಾರಣ ತಿಳಿಯಲಿಲ್ಲ.

ನಾಲ್ಕನೆಯ ದಿನ ಕಳಸಾಪುರದ ರೈತರೊಬ್ಬರು ಹೆಂಡತಿಯ ಜೊತೆ ಬಂದರು. ಎರಡು ಸುತ್ತು ಹಾಕಿ, ಎಲ್ಲವನ್ನೂ ಚೆನ್ನಾಗಿ ನೋಡಿ, ಅಂಗಡಿ ಸುರುವಾಗುವುದು ಯಾವಾಗ ಎಂದು ನನ್ನನ್ನು ಕೇಳಿದರು. ಸುರುವಾಗಿ ನಾಲ್ಕು ದಿನವಾಯಿತು ಎಂದೆ. ಅವರು ನಂಬಲಿಲ್ಲ. ಕೂಡಲು ಗಾದಿಯನ್ನೇ ಇನ್ನೂ ಹಾಸಿಲ್ಲವಲ್ಲ ಎಂದರು. ಮುಂಬೈಯಲ್ಲಿ ಎಲ್ಲರೂ ನಿಂತೇ ಕೊಳ್ಳುತ್ತಾರೆ ಎಂದು ಮಾಲಕರು ಹೇಳಿಕೊಟ್ಟಿದ್ದನ್ನು ನಾನು ಒಪ್ಪಿಸಿದೆ.

ಅವರು ಗೋದಾಮಿನ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿದರು. "ಮುಂಬೈದಾಗ ಜಾಗಾ ಇಲ್ಲಂತ, ನಿಂದರತಾರ. ಇಲ್ಲಿ ನಿಮಗೇನ ಆಗೈತ್ರಿ?"

ಮರುದಿನ ಗಾದಿ ಬಂತು, ಹಿಂದೆಯೇ ಚಹಾದ ಕೆಟಲಿ ಬಂತು.

ಗೊಂಬೆಯ ಪಕ್ಕದಲ್ಲಿ

ಮುಂಬೈಯಿಂದ ರೈಲಿನಲ್ಲಿ ಆಳೆತ್ತರದ ಒಂದು ಗೊಂಬೆ ಬಂತು, ಸೀರೆ ಉಡಿಸಿ ನಿಲ್ಲಿಸಲಿಕ್ಕೆ. ದಿನಾ ಬೆಳಿಗ್ಗೆ ಅದಕ್ಕೆ ಸೀರೆ ಉಡಿಸುವುದು ನನ್ನ ಕೆಲಸ. ನಾನೂ ಅಂಗಡಿಯ ಹೊಸ ಸೀರೆಯನ್ನೇ ಉಟ್ಟು ನಿಲ್ಲಬೇಕೆಂದು ಮಾಲಕರ ಅಪ್ಪಣೆ.

ಒಂದು ದಿನ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಗೊಂಬೆಯ ನಿರಿಗೆ ಹಿಡಿದು ನಿಂತಿದ್ದೆ. ಅಲುಗುವ ಹಾಗಿರಲಿಲ್ಲ. ಶಿರಹಟ್ಟಿಯ ಮೂವರು ಹೆಂಗಸರು ಬಂದರು. ಗೊಂಬೆಯನ್ನು ಒಮ್ಮೆ ನೋಡಿದರು, ಅದರ ಸೀರೆ ಮನಸ್ಸಿಗೆ ಬರಲಿಲ್ಲ. ನನ್ನ ಕಡೆ ತಿರುಗಿದರು. ಒಬ್ಬಾಕೆ ನನ್ನ ಸೆರಗು ಹಿಡಿದು ತಿಕ್ಕಿ ನೋಡಿದಳು. ಇನ್ನೊಬ್ಬಾಕೆ ಅಂಚು ಮಗುಚಿ ನೂಲು ಎಳೆದಳು. ಹಿರಿಯಾಕೆ ಹೆರಳು ಸರಿಸಿ ಬೆನ್ನ ಮೇಲಿನ ಬಣ್ಣ ಪರೀಕ್ಷಿಸಿದರು. ಮೂವರೂ ಸೇರಿ ಇದೇ ಆಗಬೇಕು ಎಂದು ಠರಾವು ಮಾಡಿದರು.

ನಾನು ಹೇಗೋ ನಿರಿಗೆ ಸಿಕ್ಕಿಸಿ, ಸೂಜಿಗಳನ್ನು ಬಾಯಿಂದ ತೆಗೆದು ಹೇಳಿದೆ, "ಅಕ್ಕಾರ, ನಾ ಗೊಂಬಿ ಅಲ್ಲ, ಮನಶ್ಯಾಕಿ."

ಹಿರಿಯಾಕೆಗೆ ಸ್ವಲ್ಪವೂ ಗಲಿಬಿಲಿಯಾಗಲಿಲ್ಲ. "ಇದ್ದರ ಇರು ಬಿಡವಾ. ನಿಧಾನಕ್ಕ ಬಿಚ್ಚಿ ಕೊಡು, ನಾವು ಕುಂತಿರತೀವಿ."

ಎರಡು ಮೇಜು

ಚೀಟಿ ಪದ್ಧತಿಯೂ ಮುಂಬೈಯದೇ. ಮಾಲು ಆರಿಸಿದ ಮೇಲೆ ನಾವು ಚೀಟಿ ಬರೆದು ಕೊಡಬೇಕು. ಗಿರಾಕಿ ಬಾಗಿಲ ಹತ್ತಿರದ ಒಂದು ಮೇಜಿನಲ್ಲಿ ದುಡ್ಡು ಕಟ್ಟಿ, ಇನ್ನೊಂದು ಮೇಜಿನಲ್ಲಿ ಚೀಟಿಯ ಮೇಲೆ ಶಿಕ್ಕಾ ಹೊಡೆಸಿಕೊಂಡು ಹೋಗಬೇಕು. ಎರಡೂ ಮೇಜಿಗೆ ಕರಿ ಟೊಪ್ಪಿಗೆಯ ಗುಮಾಸ್ತರಿದ್ದರು.

ಲಕ್ಷ್ಮೇಶ್ವರದ ವಯಸ್ಸಾದ ಯಜಮಾನರೊಬ್ಬರು ಒಂದು ಜೋಡು ಧೋತರ ಆರಿಸಿದರು. ಆಗಷ್ಟೇ ಅವರ ಊರಿನ ಸಂಸ್ಥಾನ ವಿಲೀನವಾಗಿತ್ತು. ಅದಕ್ಕೆ ಮುಂಚೆ ಅವರು ಒಂದು ಚೀಲ ಮೆಣಸಿನಕಾಯಿ ತಂದರೂ ಸರಹದ್ದಿನ ನಾಕಾದಲ್ಲಿ ಸುಂಕ ಕಟ್ಟಿ ಬರಬೇಕಿತ್ತು. ನಾನು ಕೊಟ್ಟದ್ದು ಉದ್ರಿ ಲೆಕ್ಕದ ಚೀಟಿ ಎಂದು ತಿಳಿದು ಮಡಿಚಿ ಕಿಸೆಯಲ್ಲಿಟ್ಟರು. ಎರಡು ಮೇಜು, ಎರಡು ಟೊಪ್ಪಿಗೆ, ಶಿಕ್ಕಾ ಎಲ್ಲವನ್ನೂ ನೋಡಿದರು. ಧೋತರವನ್ನು ಬಗಲಿಗೆ ಹಾಕಿಕೊಂಡು, ಗುಮಾಸ್ತರಿಗೆ ಕೈ ಮುಗಿದು, ಸೀದಾ ಹೊರಗೆ ನಡೆದರು.

ಗುಮಾಸ್ತ ಓಡಿಹೋಗಿ ಟಾಂಗಾದ ಹತ್ತಿರ ಹಿಡಿದ. ಕೇಳುತ್ತಿರುವುದು ಸುಂಕವಲ್ಲ, ಧೋತರದ ಬೆಲೆಯೇ ಎಂದು ತಿಳಿದಾಗ ಯಜಮಾನರು ನಾಚಿ ದುಡ್ಡು ಕೊಟ್ಟರೆನ್ನಿ. ಆದರೆ ಅದಕ್ಕೆ ಮುಂಚೆ ಅವನ ಹೆಗಲ ಮೇಲೆ ಕೈಯಿಟ್ಟು ಅವರು ಹೇಳಿದ್ದು ಪೇಟೆಗೆಲ್ಲ ಹಬ್ಬಿತು: "ತಮ್ಮಾ, ಸಂಸ್ಥಾನ ಹೋತು, ನಾಕಾನೂ ತಗದ್ರು. ನಿಮ್ಮ ಸಾಹೇಬರಿಗೆ ಇನ್ನೂ ಖಬರ ಮುಟ್ಟಿಲ್ಲೇನು?"

ಮುಂಡರಗಿಯ ಸೋದರಮಾವ

ಅಂಗಡಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಒಂದೇ ದರ' ಎಂದು ಬರೆಸಿದ್ದರು. ಮಾಲಕರು ಪ್ರಾಮಾಣಿಕರು. ದರ ನ್ಯಾಯವಾಗಿಯೇ ಇತ್ತು, ಎದುರಿನ ಅಂಗಡಿಗಿಂತ ಕಡಿಮೆ.

ಮುಂಡರಗಿಯಿಂದ ಮದುವೆಯ ಜವಳಿಗೆಂದು ಒಂದು ಬಸ್ಸಿನ ಜನ ಬಂದರು. ಮಧ್ಯಾಹ್ನದ ಹೊತ್ತಿಗೆ ಸೀರೆಗಳ ರಾಶಿ ನನ್ನ ಎದೆಯ ಮಟ್ಟಕ್ಕೆ ಬಂದಿತ್ತು. ಎಲ್ಲರೂ ಒಬ್ಬ ಹಿರಿಯರ ಮುಖ ನೋಡಿದರು. ವರನ ಸೋದರಮಾವ ಅವರು, ಚೌಕಾಶಿಯಲ್ಲಿ ಪಳಗಿದವರು. ಅದಕ್ಕೆಂದೇ ಅವರನ್ನು ಹೊಲದ ಕೆಲಸ ಬಿಡಿಸಿ ಕರೆತಂದಿದ್ದರು.

ಅವರು ಪಟ್ಟು ಹಾಕಿ ಕೂತರು. ಮಾಲಕರು ಗೋಡೆ ತೋರಿಸಿದರು. ಅವರು ಎದ್ದು ಬಾಗಿಲವರೆಗೆ ಹೋದರು. ಯಾರೂ ಹಿಂದಕ್ಕೆ ಕರೆಯಲಿಲ್ಲ. ತಾವೇ ಬಂದು ಕೂತರು. ಮತ್ತೆ ಹೋದರು, ಮತ್ತೆ ಬಂದರು. ಮೂರನೆಯ ಸಲ ಬರುವಾಗ ರುಮಾಲು ತೆಗೆದು ಬೆವರೊರೆಸಿಕೊಂಡರು. ಬೀಗರ ಮುಂದೆ ಮಾನದ ಪ್ರಶ್ನೆ. ನನಗೆ ಅವರ ಮೇಲೆ ಕನಿಕರ ಬಂತು.

ಕೊನೆಗೆ ಮಾಲಕರ ಕಿವಿಯ ಹತ್ತಿರ ಬಾಗಿ ಹೇಳಿದರು, "ಇಳಸಾಕ ಆಗೂದಿಲ್ಲಂದ್ರ ಬಿಡ್ರಿ. ಏರಿಸಾಕರ ಬರತೈತಿಲ್ಲೋ? ಸ್ವಲ್ಪ ಏರಿಸಿ ಹೇಳ್ರಿ, ನಾವs ಇಳಸ್ತೀವಿ."

ನಾಡು ಒಂದಾಯಿತು

ಮಾಲಕರು ಏರಿಸಲಿಲ್ಲ. ಮುಂಡರಗಿಯವರು ಎದುರಿನ ಅಂಗಡಿಗೆ ಹೋಗಿ, ಅರ್ಧ ತಾಸು ಜಗಳಾಡಿ, ನಮಗಿಂತ ಹೆಚ್ಚು ಕೊಟ್ಟು, ಗೆದ್ದ ಮುಖದಲ್ಲಿ ಬಸ್ಸು ಹತ್ತಿದರು. ಹೀಗೇ ವರ್ಷಗಳು ಹೋದವು. ಹತ್ತಿಯಲ್ಲಿ ಗಳಿಸಿದ್ದನ್ನು ಅಂಗಡಿ ತಿಂದಿತು. ಒಂದು ಮಧ್ಯಾಹ್ನ ಮಾಲಕರು ಐದೂ ವಿಭಾಗದವರನ್ನು ಕರೆದು, ದೀಪಾವಳಿಯ ನಂತರ ಮುಚ್ಚುತ್ತೇನೆ ಎಂದರು.

ಅತ್ತೆಯ ಮಾತು ಕಿವಿಯಲ್ಲೇ ಇತ್ತು. ಉಳಿದವರು ತಲೆ ತಗ್ಗಿಸಿದರು, ನಾನು ತಗ್ಗಿಸಲಿಲ್ಲ. ನಮ್ಮ ನಮ್ಮ ವಿಭಾಗವನ್ನು ನಮಗೇ ಬಾಡಿಗೆಗೆ ಕೊಡಿರಿ, ನಡುವೆ ಗೋಡೆ ಹಾಕಿಸಿರಿ, ಒಬ್ಬೊಬ್ಬರು ಒಂದೊಂದು ಗಾದಿಯ ಮೇಲೆ ಕೂತು ನಮಗೆ ತಿಳಿದ ಹಾಗೆ ವ್ಯಾಪಾರ ಮಾಡುತ್ತೇವೆ ಎಂದೆ.

ಎಲ್ಲವೂ ಒಂದೇ ಸೂರಿನ ಕೆಳಗೆ ಇರಬೇಕೆಂಬ ಆಸೆ ಹೋಯಿತಲ್ಲ ಎಂದು ಮಾಲಕರಿಗೆ ಸಂಕಟ. "ಸೂರು ಒಂದs ಇರತೈತ್ರಿ," ಎಂದೆ, "ಗ್ವಾಡಿ ಅಷ್ಟs ನಾಕು ಬರತಾವು."

ಅದು ಕನ್ನಡ ನಾಡೆಲ್ಲ ಒಂದಾದ ವರ್ಷ. ಹೊರಗೆ ಮೆರವಣಿಗೆ, ಜಯಕಾರ. ಒಳಗೆ ಗೌಂಡಿಗಳು ಗೋಡೆ ಕಟ್ಟುತ್ತಿದ್ದರು. ನಾಡು ಒಂದಾಯಿತು, ನಮ್ಮ ಅಂಗಡಿ ಐದಾಯಿತು. ಸೀರೆಯ ಗಾದಿ ನನ್ನದಾಯಿತು. ಕಿರಾಣಿಯನ್ನು ಮಾಲಕರೇ ಇಟ್ಟುಕೊಂಡು ಬಾಗಿಲ ಪಕ್ಕ ಕೂತರು. ಎರಡೇ ತಿಂಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಗಿರಾಕಿ. ಅತ್ತೆ ಒಮ್ಮೆ ಬಂದು ನನ್ನ ಗಾದಿಯ ಮೇಲೆ ಕೂತು, ಎಷ್ಟು ಇಳಿಸುತ್ತಿ ಎಂದು ನನ್ನನ್ನೇ ಕೇಳಿ ಹೋದರು.

ಒಂದು ದಿನ ಲಕ್ಕುಂಡಿಯ ಮುದುಕಿಯೊಬ್ಬಳು ನನ್ನ ಹತ್ತಿರ ಸೀರೆ ಕೊಂಡಳು, ಪಕ್ಕದಲ್ಲಿ ಕೊಡ ಕೊಂಡಳು, ಅದರಾಚೆ ಬಳೆ ಇಡಿಸಿಕೊಂಡಳು, ಮೊಮ್ಮಗನಿಗೆ ಚಪ್ಪಲಿ ತಗೊಂಡಳು. ಕೊನೆಗೆ ಬೆಲ್ಲಕ್ಕೆಂದು ಮಾಲಕರ ಗಾದಿಗೆ ಬಂದು, ಅವರು ತರಿಸಿಕೊಟ್ಟ ಚಹಾ ಕುಡಿಯುತ್ತ ಸಮಾಧಾನದಿಂದ ಹೇಳಿದಳು: "ಈಗ ನೋಡಪಾ, ಎಲ್ಲಾ ಒಂದs ಕಡೆ ಸಿಗತೈತಿ, ಎಷ್ಟ ಸಸಾರ ಆಗೈತಿ. ಮೊದಲ ಇಲ್ಲಿ ಒಬ್ಬಂವ ದೊಡ್ಡ ಅಂಗಡಿ ಇಟ್ಟಿದ್ನಂತಲ್ಲ, ಅವಗ ಇಷ್ಟು ತಿಳೀಲಿಲ್ಲ ನೋಡು."

ನಾನು ಸೆರಗು ಬಾಯಿಗೆ ಹಿಡಿದು ಮಾಲಕರ ಕಡೆ ನೋಡಿದೆ. ಅವರು ಬೆಲ್ಲ ತೂಗುತ್ತಿದ್ದರು. ತಕ್ಕಡಿ ಅಲುಗಲಿಲ್ಲ.

"ಹೌದವಾ," ಎಂದರು, "ಪಾಪ, ಅಂವ ಮುಂಬೈ ನೋಡಿ ಬಂದಿದ್ದ."